ಬೊಳಿಬಾಣೆಯ ನೀರು ದಾಟಿ ಲಂಕಾವಿಯ ದೋಣಿಗೆ

ನಮ್ಮ ಹಾಯಿದೋಣಿ ಇರುವುದು ಮಲೇಷ್ಯಾದ ಲಂಕಾವಿ ದ್ವೀಪದಲ್ಲಿ. 34 ಅಡಿಯ ಹಳೇ ಫೈಬರ್ ದೋಣಿ. ವರ್ಷದ ಜಾಸ್ತಿ ತಿಂಗಳು ನಾನು, ಇವರು ಅದರಲ್ಲೇ ಇರುತ್ತೇವೆ. ಮಳೆಗಾಲದಲ್ಲಿ ಅದನ್ನು ನೀರಿನಿಂದ ಮೇಲೆತ್ತಿಸಿ, ಯಾರ್ಡಿನಲ್ಲಿ ಊರುಗೋಲು ಕೊಟ್ಟು ನಿಲ್ಲಿಸಿ, ತಳ ಕೆರೆದು ಬಣ್ಣ ಹೊಡೆಯಬೇಕು. ಈ ಸಲ ಆ ಕೆಲಸಕ್ಕೆ ಇವರು ಅಲ್ಲೇ ನಿಂತರು. ನಾನು ಐದು ವಾರ ಕೊಡಗಿನ ನಾಪೋಕ್ಲು ಹತ್ತಿರದ ಅಮ್ಮನ ಮನೆಗೆ ಬಂದೆ. ಬರುವಾಗ ಬ್ಯಾಗಿನಲ್ಲಿ ಎಂಜಿನ್ನಿನ ನೀರಿನ ಪಂಪು ತಂದಿದ್ದೆ. ಈ ಕಥೆಯೆಲ್ಲ ಆ ಪಂಪಿನದ್ದೇ.

ದೋಣಿಯ ಎಂಜಿನ್ ತಣ್ಣಗಿರುವುದು ಸಮುದ್ರದ ನೀರಿನಿಂದ. ಒಂದು ಸಣ್ಣ ಪಂಪು, ಅದರೊಳಗೆ ರಬ್ಬರಿನ ಎಸಳುಗಳಿರುವ ಚಕ್ರ. ಅದು ತಿರುಗಿ ನೀರು ಎಳೆಯುತ್ತದೆ, ಆ ನೀರು ಎಂಜಿನ್ನಿನ ಬಿಸಿ ಹೊತ್ತುಕೊಂಡು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ನಮ್ಮ ಪಂಪಿನ ಶಾಫ್ಟು ಸೀಲ್ ಕೂರುವ ಜಾಗದಲ್ಲಿ ಸವೆದು ಉಪ್ಪುನೀರು ಎಂಜಿನ್ ಮೇಲೆ ತೊಟ್ಟಿಕ್ಕುತ್ತಿತ್ತು. ಹೊಸದು ತರಿಸಲು ಆರು ವಾರ ಕಾಯಬೇಕು, ಬೆಲೆಯೂ ಕೈಗೆಟುಕದು. ಗೋಣಿಕೊಪ್ಪದಲ್ಲಿ ನಮಗೆ ಗೊತ್ತಿರುವ ಲೇತ್ ಕೆಲಸದವರೊಬ್ಬರಿದ್ದಾರೆ, ಕಾಫಿ ಪಲ್ಪರ್, ಸ್ಪ್ರಿಂಕ್ಲರ್ ಮೋಟಾರು ಎಲ್ಲ ಅವರ ಕೈಯಲ್ಲೇ ರಿಪೇರಿಯಾಗುವುದು. ಅವರಲ್ಲಿ ಕೊಟ್ಟು ಬಂದಿದ್ದೆ.

ದೋಣಿಯನ್ನು ನೀರಿಗೆ ಇಳಿಸಲು ಕ್ರೇನ್ ಬುಕ್ ಆಗಿದ್ದು ಆಗಸ್ಟ್ 9ಕ್ಕೆ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ಬಂದಾಗ ಮಾತ್ರ ಆ ಯಾರ್ಡಿನಲ್ಲಿ ನಮ್ಮಂಥ ಆಳದ ತಳದ ದೋಣಿ ಇಳಿಸಲಾಗುತ್ತದೆ. ಈ ಹುಣ್ಣಿಮೆ ತಪ್ಪಿದರೆ ಅಮಾವಾಸ್ಯೆಯವರೆಗೆ ಎರಡು ವಾರ ಕಾಯಬೇಕು, ದಿನದ ಬಾಡಿಗೆ ಕೊಟ್ಟುಕೊಂಡು.

ಆಗಸ್ಟ್ 3

ಕಕ್ಕಡ ಪದಿನೆಟ್ಟ್, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅಮ್ಮ ಬೆಳಿಗ್ಗೆಯೇ ಮದ್ದು ಸೊಪ್ಪು ತಂದು ಕುದಿಸಿ ಪಾಯಸ ಮಾಡಿದ್ದರು. ಕಡು ನೇರಳೆ ಬಣ್ಣ, ಆ ಸೊಪ್ಪಿನದ್ದೇ ಒಂದು ಪರಿಮಳ. ಹದಿನೆಂಟನೇ ದಿನ ಇದರಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಈ ಪಾಯಸ ತಿನ್ನಲೆಂದೇ ನಾನು ನಾಲ್ಕನೇ ತಾರೀಖಿನವರೆಗೆ ಉಳಿದಿದ್ದೆ, ಅದರಲ್ಲಿ ನನಗೆ ಒಂದಿಷ್ಟೂ ಬೇಸರವಿಲ್ಲ.

ಮಳೆ ಮಾತ್ರ ಮೂರು ದಿನದಿಂದ ಬಿಟ್ಟಿರಲಿಲ್ಲ. ಕರೆಂಟೂ ಇಲ್ಲ. ಫೋನಿನ ಟವರ್ ಬೆಳಿಗ್ಗೆ ಸತ್ತಿದ್ದು ಮಧ್ಯಾಹ್ನ ಐದು ನಿಮಿಷ ಬಂತು. ಆ ಐದು ನಿಮಿಷದಲ್ಲಿ ಗೋಣಿಕೊಪ್ಪದಿಂದ ಒಂದು ಮೆಸೇಜ್ ಬಂದು ಬಿತ್ತು: "ಕರೆಂಟ್ ಇಲ್ಲ, ಲೇತ್ ಓಡ್ತಾ ಇಲ್ಲ, ಶಾಫ್ಟ್ ಅರ್ಧ ಆಗಿದೆ."

ಸಂಜೆ ಮೇಣದಬತ್ತಿ ಬೆಳಕಲ್ಲಿ ಬ್ಯಾಗ್ ಕಟ್ಟಿದೆವು. ಕಾಫಿಪುಡಿ ಎರಡು ಕೆಜಿ, ಕರಿಮೆಣಸು, ಕಕ್ಕಬ್ಬೆಯ ಜೇನು, ಪಂಪಿನ ಮುಚ್ಚಳದ ಸಂದಿನಲ್ಲಿ ನೀರು ಸೋರದಂತೆ ಇಡುವ ಗ್ಯಾಸ್ಕೆಟ್ ಕಾಗದ, ಸೀಲ್‌ಗಳು. ಕೊನೆಗೆ ಅಮ್ಮ ಒಂದು ಗಾಜಿನ ಬಾಟಲಿ ತಂದು ಇಟ್ಟರು, ತುಂಬಾ ಕಾಚಂಪುಳಿ, ಸಾರಿಗೆ ಹಾಕುವ ನಮ್ಮ ಹುಳಿ. ಪಣಪುಳಿ ಹಣ್ಣು ಕೊಳೆಸಿ, ರಸ ಇಳಿಸಿ, ಒಲೆ ಮೇಲೆ ಗಂಟೆಗಟ್ಟಲೆ ಕಾಯಿಸಿ, ಟಾರಿನಷ್ಟು ಕಪ್ಪಗೆ ದಪ್ಪಗೆ ಮಾಡಿದ್ದು. ಪ್ಲಾಸ್ಟಿಕ್ಕಿಗೆ ಹಾಕಿ ಅಂದರೆ ಒಪ್ಪಲಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಕೆಡುತ್ತದೆ ಅಂತ ಅವರ ವಾದ. ಎರಡು ಟವೆಲ್ ಸುತ್ತಿ ಬ್ಯಾಗಿನ ನಡುವೆ ಇಟ್ಟೆ.

ಆಗಸ್ಟ್ 4

ಮಧ್ಯಾಹ್ನ ಹೊರಟು ಗೋಣಿಕೊಪ್ಪದಲ್ಲಿ ಪಂಪು ತೆಗೆದುಕೊಂಡು ರಾತ್ರಿ ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಉಳಿಯುವುದು ಅಂತ ಪ್ಲಾನ್ ಇತ್ತು. ಹನ್ನೊಂದಕ್ಕೆ ಅಣ್ಣ ಬಂದು, ಬೊಳಿಬಾಣೆಯಲ್ಲಿ ರಸ್ತೆ ಮೇಲೆ ಕಾವೇರಿ ಬಂದಿದೆ ಅಂದ. ಮೂರ್ನಾಡಿಗೆ ಹೋಗುವ ದಾರಿ ಬಂದ್. ಭಾಗಮಂಡಲದ ಕಡೆಯೂ ಗದ್ದೆ, ರಸ್ತೆ ಒಂದಾಗಿದೆ ಅಂತ ಸುದ್ದಿ.

ಹೋಗಿ ನೋಡಿಕೊಂಡು ಬಂದೆವು. ನೀರು ಕೆಂಪಗೆ, ಒಂದು ಚೂರು ಸದ್ದಿಲ್ಲದೆ ಹರಿಯುತ್ತಿತ್ತು. ರಸ್ತೆ ಬದಿಯ ಬೇಲಿಯ ತುದಿ ಮಾತ್ರ ಕಾಣುತ್ತಿತ್ತು. ನೀರಿನ ಮೇಲೆ ಒಂದು ತೆಂಗಿನಕಾಯಿ, ಒಂದು ಪ್ಲಾಸ್ಟಿಕ್ ಚಪ್ಪಲಿ ತೇಲಿಕೊಂಡು ಹೋದವು. ಸಮುದ್ರದ ಮೇಲೆ ಬದುಕುವ ನನಗೂ ಆ ನೀರು ನೋಡಿ ಎದೆ ಹಿಡಿದುಕೊಂಡಿತು. ಸಮುದ್ರದಲ್ಲಿ ಅಲೆ ಬರುವುದು ಕಾಣುತ್ತದೆ. ಇಲ್ಲಿ ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಅಂತಲೇ ಗೊತ್ತಾಗುವುದಿಲ್ಲ.

ಅಣ್ಣ ಜೀಪು ಇಳಿಸಲೇ ಇಲ್ಲ. ಸರಿಯಾಗಿಯೇ ಮಾಡಿದ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡಮೇಲೆ ಇಲ್ಲಿ ಯಾರೂ ಮಳೆಯ ಜೊತೆ ಪಂಥ ಕಟ್ಟುವುದಿಲ್ಲ. ಆಗಸ್ಟ್ ಬಂತೆಂದರೆ ಅಮ್ಮ ಇವತ್ತಿಗೂ ರಾತ್ರಿ ಎದ್ದು ಮನೆ ಹಿಂದಿನ ಗುಡ್ಡದ ಬರೆಯ ಕಡೆ ಟಾರ್ಚ್ ಬಿಟ್ಟು ನೋಡುತ್ತಾರೆ. ಫ್ಲೈಟು ಮರುದಿನ ರಾತ್ರಿ ಹನ್ನೊಂದಕ್ಕೆ. ಕಾಯುವುದೊಂದೇ ದಾರಿ. ಇವರಿಗೆ ವಿಷಯ ತಿಳಿಸೋಣ ಅಂದರೆ ಟವರ್ ಇಲ್ಲ. ಗದ್ದೆಯ ಏರಿ ಮೇಲೆ ಕೊಡೆ ಹಿಡಿದು ಅರ್ಧ ಗಂಟೆ ನಿಂತು, ಕೊನೆಗೆ ಒಂದು ಸಾಲು ಹೋಯಿತು: "ನೀರು ಬಂದಿದೆ, ನಾಳೆ ಹೊರಡ್ತೀನಿ."

ಆಗಸ್ಟ್ 5

ರಾತ್ರಿ ಎರಡರ ಹೊತ್ತಿಗೆ ಮಳೆ ನಿಂತಿತು. ಹೆಂಚಿನ ಮೇಲೆ ಸದ್ದು ನಿಂತ ಕೂಡಲೇ ಎಚ್ಚರವಾಯಿತು. ಬೆಳಿಗ್ಗೆ ಆರಕ್ಕೆ ಬೊಳಿಬಾಣೆಯಲ್ಲಿ ನೀರು ಮೊಣಕಾಲಿಗಿಂತ ಕೆಳಗೆ. ಆಚೆಯಿಂದ ಒಂದು ಟ್ರಾಕ್ಟರ್ ಬಂತು, ಅದರ ಗಾಲಿಯ ಗುರುತು ನೋಡಿಕೊಂಡು ನಾವು ದಾಟಿದೆವು. ಅಣ್ಣ ದಾಟುವಷ್ಟು ಹೊತ್ತು ಒಂದು ಮಾತೂ ಆಡಲಿಲ್ಲ. ಬೇತ್ರಿ ಸೇತುವೆ ಹತ್ತಿರ ಕಾವೇರಿ ಸೇತುವೆಗೆ ಸ್ವಲ್ಪವೇ ಕೆಳಗೆ ಮರದ ಬೊಡ್ಡೆಗಳನ್ನು ತಳ್ಳಿಕೊಂಡು ಹೋಗುತ್ತಿದ್ದಳು.

ಎಂಟೂವರೆಗೆ ಗೋಣಿಕೊಪ್ಪ. ಅಲ್ಲೂ ಕರೆಂಟ್ ಇಲ್ಲ. ಆದರೆ ಲೇತಿನವರು ಪಕ್ಕದ ಮಿಲ್ಲಿನಿಂದ ಜನರೇಟರ್ ತರಿಸಿಕೊಂಡು ನನಗಾಗಿ ಕಾಯುತ್ತಿದ್ದರು. ಮೊದಲ ದಿನ ಪಂಪು ಕೊಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, "ಸಿಹಿ ನೀರಾ, ಉಪ್ಪು ನೀರಾ?" ಉಪ್ಪು ನೀರು ಅಂದಾಗ ಕೈಯಲ್ಲಿದ್ದ ಸರಳನ್ನು ಕೆಳಗಿಟ್ಟು, ಇದು ಆಗಲ್ಲ, 316 ಸ್ಟೀಲೇ ಬೇಕು ಅಂತ ಮೈಸೂರಿನಿಂದ ತರಿಸಿದ್ದರು. ಸಾಮಾನ್ಯ ಸ್ಟೀಲನ್ನು ಉಪ್ಪು ಸೂಜಿಯಲ್ಲಿ ಚುಚ್ಚಿದ ಹಾಗೆ ತಿನ್ನುತ್ತದೆ, ಅದು ಅವರಿಗೆ ಹೇಗೆ ಗೊತ್ತೋ, ಕಡಲು ಕಾಣದ ಊರಲ್ಲಿ ಕೂತು!

ಕೆಲಸ ನೋಡುತ್ತಾ ನಿಂತೆ. ಹಳೆಯ ಶಾಫ್ಟು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರು. ಹಳೆಯದರಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಒಂದು ಉಂಗುರದ ಗೆರೆ. ಹೊಸದನ್ನು ಲೇತಿಗೆ ಕಟ್ಟಿ, ಕೂದಲಿನಂಥ ಸುರುಳಿ ಬರುವಷ್ಟೇ ಕೆರೆದು, ನಿಲ್ಲಿಸಿ, ಮೈಕ್ರೊಮೀಟರ್ ಹಿಡಿದು ನೋಡಿ, ಮತ್ತೆ ಕೆರೆದು, ಕೊನೆಗೆ ಸಣ್ಣ ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ ಸೀಲ್ ಕೂರುವ ಜಾಗವನ್ನು ಹತ್ತು ನಿಮಿಷ ಉಜ್ಜಿದರು. ನನ್ನ ಮುಖ ಕಾಣುವಷ್ಟು ಹೊಳಪು. ಬೇರಿಂಗ್ ಹಾಕಿ, ಪಂಪು ಜೋಡಿಸಿ, ಬೆರಳಲ್ಲಿ ತಿರುಗಿಸಿ ನನ್ನ ಕೈಗೆ ಕೊಟ್ಟರು. ಬೆಣ್ಣೆಯಲ್ಲಿ ತಿರುಗಿದ ಹಾಗೆ ಇತ್ತು. ಜನರೇಟರಿನ ಡೀಸೆಲ್‌ಗೆ ಅಂತ ಬೇರೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಹನ್ನೊಂದರ ಬಸ್ಸು ಸಿಕ್ಕಿತು. ತಿತಿಮತಿ ದಾಟಿ ಆನೆಚೌಕೂರಿನ ಕಾಡಿನಲ್ಲಿ ರಸ್ತೆಗೆ ಅಡ್ಡವಾಗಿ ದೊಡ್ಡ ಮರ. ನಮ್ಮ ಮುಂದೆ ಇಪ್ಪತ್ತು ಗಾಡಿ. ಕಾಡು ಅಂದಮೇಲೆ ಇಳಿದು ಓಡಾಡುವ ಹಾಗೂ ಇಲ್ಲ, ಆನೆಯ ಜಾಗ ಅದು. ಅರಣ್ಯ ಇಲಾಖೆಯವರು ಗರಗಸ ತಂದು ಕತ್ತರಿಸಿದರು, ಎದುರಿನ ಬಸ್ಸಿನ ಗಂಡಸರೆಲ್ಲ ಸೇರಿ ತುಂಡು ಉರುಳಿಸಿದರು. ಒಂದೂವರೆ ಗಂಟೆ ಹೋಯಿತು. ನಾನು ತೊಡೆ ಮೇಲೆ ಪಂಪು ಇಟ್ಟುಕೊಂಡು ಗಡಿಯಾರ ನೋಡುತ್ತಾ ಕೂತಿದ್ದೆ.

ಮೈಸೂರಿಗೆ ಮೂರೂಕಾಲು. ವಿಮಾನ ನಿಲ್ದಾಣಕ್ಕೆ ನೇರ ಹೋಗುವ ಫ್ಲೈಬಸ್ ನಾಲ್ಕಕ್ಕೆ ಇತ್ತು, ಒಂದೇ ಸೀಟು ಉಳಿದಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಮಲೇಷ್ಯಾದ ಆನ್‌ಲೈನ್ ಆಗಮನ ಕಾರ್ಡು ತುಂಬಿದೆ. ಅದನ್ನು ತಲುಪುವ ದಿನಕ್ಕೆ ಮೂರು ದಿನದೊಳಗೇ ತುಂಬಬೇಕು, ಆ ಮೂರೂ ದಿನ ನನಗೆ ನೆಟ್‌ವರ್ಕ್ ಇರಲಿಲ್ಲ. ಮಳೆಗಾಲದಲ್ಲಿ ಕೊಡಗಿನಿಂದ ಹೊರಡುವವರು ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಎಂಟೂವರೆಗೆ ದೇವನಹಳ್ಳಿ. ಕೌಂಟರಿನಲ್ಲಿ ಹುಡುಗಿ ಕೇಳಿದಳು, "ರಿಟರ್ನ್ ಟಿಕೆಟ್ ಎಲ್ಲಿ ಮೇಡಂ?" ನನ್ನ ಹತ್ತಿರ ಇರುವುದು ಹೋಗುವ ಟಿಕೆಟ್ ಒಂದೇ. ವೀಸಾ ಇಲ್ಲದೆ 30 ದಿನ ಇರಬಹುದು ಅಂತ ಬಿಡುವ ದೇಶ, ಆದರೆ ವಾಪಸ್ ಹೋಗುತ್ತೀರಿ ಅನ್ನುವುದಕ್ಕೆ ಏನಾದರೂ ತೋರಿಸಬೇಕು. ನಾವು ದೋಣಿಯಲ್ಲೇ ಥಾಯ್ಲೆಂಡ್ ಕಡೆ ಹೊರಡುವವರು. ದೋಣಿಯ ನೋಂದಣಿ ಪತ್ರ, ಇವರು ಕ್ಯಾಪ್ಟನ್ ಅಂತ ಸಹಿ ಹಾಕಿದ ಕಾಗದ, ನನ್ನ ಹೆಸರಿದ್ದ ಸಿಬ್ಬಂದಿ ಪಟ್ಟಿ, ಎಲ್ಲ ತೋರಿಸಿದೆ. ಹುಡುಗಿ ಒಳ್ಳೆಯವಳೇ, ಆದರೆ ಇಂಥ ಕಾಗದ ಯಾವತ್ತೂ ನೋಡಿರಲಿಲ್ಲ. ಮೇಲಿನವರನ್ನು ಕರೆದಳು. ಅವರು ಇನ್ನೊಬ್ಬರಿಗೆ ಫೋನ್ ಮಾಡಿದರು. ನಲವತ್ತು ನಿಮಿಷ ಆಯಿತು, ಕೌಂಟರ್ ಮುಚ್ಚುವ ಹೊತ್ತು. ಕೊನೆಗೆ ಪೂರ್ತಿ ಹಣ ವಾಪಸ್ ಬರುವಂಥ ಒಂದು ಟಿಕೆಟ್ಟನ್ನು ಫೋನಿನಲ್ಲೇ ಖರೀದಿಸಿ ತೋರಿಸಿದೆ. ದೋಣಿಯಲ್ಲಿ ದೇಶ ದಾಟುವವರು ಇದನ್ನು ಮನೆಯಲ್ಲೇ ಮಾಡಿಕೊಂಡು ಹೊರಡುವುದು ಒಳ್ಳೆಯದು.

ಅಷ್ಟರಲ್ಲಿ ಬ್ಯಾಗ್ ಮೂರು ಕೆಜಿ ಜಾಸ್ತಿ ಅಂತ ಬಂತು. ಯೋಚಿಸಲು ಪುರುಸೊತ್ತಿರಲಿಲ್ಲ. ಬ್ಯಾಗ್ ತೆರೆದೆ, ಮೇಲೇ ಇದ್ದ ಭಾರದ ವಸ್ತು ಪಂಪು. ತೆಗೆದು ಹೆಗಲ ಚೀಲಕ್ಕೆ ಹಾಕಿದೆ. ಸೆಕ್ಯೂರಿಟಿಯಲ್ಲಿ ಎಕ್ಸ್‌ರೇ ನಿಂತಿತು. ಕಂಚಿನ ಗಟ್ಟಿ ಮುದ್ದೆ, ಪೈಪಿನ ಎರಡು ಬಾಯಿ, ನಡುವೆ ಒಂದು ಕಡ್ಡಿ. ನೋಡಿದರೆ ಯಾರಿಗಾದರೂ ಅನುಮಾನ ಬರುವಂಥದ್ದೇ. ಸಿಬ್ಬಂದಿಯೊಬ್ಬರು ಪಕ್ಕಕ್ಕೆ ಕರೆದು ಏನಿದು ಅಂದರು. ನೀರಿನ ಪಂಪು ಅಂದೆ. ಎಲ್ಲಿಯದು ಅಂದರು, ಗೋಣಿಕೊಪ್ಪದಲ್ಲಿ ರಿಪೇರಿ ಮಾಡಿಸಿದ್ದು ಅಂದೆ. ಅವರು ಮುಖ ಎತ್ತಿ, "ನಮ್ಮದು ಸೋಮವಾರಪೇಟೆ" ಅಂದರು. ಆಮೇಲೂ ಮುಚ್ಚಳ ಬಿಚ್ಚಿಸಿ ಒಳಗೆ ಟಾರ್ಚ್ ಹಾಕಿ ನೋಡಿ, ಮೇಲಧಿಕಾರಿಗೂ ತೋರಿಸಿಯೇ ಬಿಟ್ಟರು. ಅವರ ಕೆಲಸ ಅದು. ನಾನು ಗೇಟಿಗೆ ಓಡಿದೆ.

ಆಗಸ್ಟ್ 6

ಕೌಲಾಲಂಪುರಕ್ಕೆ ಬೆಳಗಿನ ಜಾವ ಇಳಿದಾಗ ನನ್ನ ಗಡಿಯಾರಕ್ಕೆ ಎರಡೂವರೆ ಗಂಟೆ ಸೇರಿಸಿಕೊಂಡೆ. ಬೆಲ್ಟು ಸುತ್ತಿತು, ಸುತ್ತಿತು, ನಿಂತಿತು. ನನ್ನ ಬ್ಯಾಗ್ ಬರಲಿಲ್ಲ. ಕೊನೇ ಗಳಿಗೆಯಲ್ಲಿ ಕೊಟ್ಟ ಬ್ಯಾಗ್, ಬೆಂಗಳೂರಿನಲ್ಲೇ ಉಳಿದಿರಬೇಕು. ದೂರು ಬರೆಸುವ ಜಾಗದಲ್ಲಿ ನನ್ನ ಮುಂದೆ ಹನ್ನೆರಡು ಜನ. ವಿಳಾಸ ಎಲ್ಲಿ ಅಂದರೆ ಯಾರ್ಡಿನ ಹೆಸರು, ದೋಣಿಯ ಹೆಸರು ಕೊಟ್ಟೆ. ರಸ್ತೆ ಹೆಸರು, ಮನೆ ನಂಬರ್ ಇಲ್ಲದೆ ಫಾರಂ ಮುಂದಕ್ಕೆ ಹೋಗುತ್ತಿರಲಿಲ್ಲ. ಯಾರ್ಡಿನ ಆಫೀಸಿನ ವಿಳಾಸ ಹುಡುಕಿ ಹಾಕಿಸುವಷ್ಟರಲ್ಲಿ ಲಂಕಾವಿಯ ಫ್ಲೈಟಿನ ಕೌಂಟರ್ ಮುಚ್ಚಿತ್ತು. ಅದು ಬೇರೆಯೇ ಬುಕಿಂಗ್, ಹಾಗಾಗಿ ಹಣವೂ ಹೋಯಿತು. ಮುಂದಿನ ಫ್ಲೈಟಿನ ಬೆಲೆ ಕೇಳಿ ಕೈಬಿಟ್ಟೆ.

ರೈಲು ಹತ್ತಿ ಬಂದಾರ್ ತಾಸಿಕ್ ಸೆಲಾತಾನ್‌ನಲ್ಲಿ ಇಳಿದರೆ ಪಕ್ಕದಲ್ಲೇ ದೊಡ್ಡ ಬಸ್ ನಿಲ್ದಾಣ. ಲಂಕಾವಿಗೆ ಫೆರ್ರಿ ಹೊರಡುವ ಕ್ವಾಲಾ ಪರ್ಲಿಸ್‌ಗೆ ಬಸ್ಸು, ಸುಮಾರು 500 ಕಿ.ಮೀ. ನಿಲ್ದಾಣದಲ್ಲಿ ಒಂದು ಕೋಪಿ ಕುಡಿದೆ. ಇಲ್ಲಿ ಕಾಫಿ ಬೀಜವನ್ನು ಸಕ್ಕರೆ, ಮಾರ್ಗರೀನ್ ಹಾಕಿ ಕಪ್ಪಗೆ ಹುರಿಯುತ್ತಾರೆ. ಮೊದಲ ವರ್ಷ ಇದನ್ನು ಕಾಫಿ ಅಂತ ಒಪ್ಪಲು ನನಗೆ ಆಗಿರಲಿಲ್ಲ. ಆ ಬೆಳಿಗ್ಗೆ ಎರಡು ಲೋಟ ಕುಡಿದೆ, ಜೀವ ಬಂತು.

ಇಪೋ ಹತ್ತಿರ ಸುಣ್ಣದ ಕಲ್ಲಿನ ಬಿಳಿ ಗುಡ್ಡಗಳು, ಆಮೇಲೆ ನಿದ್ದೆ. ಎಚ್ಚರವಾದಾಗ ಕೆದಾ ರಾಜ್ಯ. ಕಣ್ಣು ಹಾಯುವಷ್ಟು ದೂರ ಸಪಾಟು ಭತ್ತದ ಗದ್ದೆ, ನಡುವೆ ಕಾಲುವೆ, ಬಿಳಿ ಕೊಕ್ಕರೆ. ನಮ್ಮಲ್ಲಿ ಎರಡು ಗುಡ್ಡದ ಮಧ್ಯೆ ಮಡಚಿಟ್ಟ ಹಾಗಿರುವ ಗದ್ದೆ ಇಲ್ಲಿ ಬಿಚ್ಚಿ ಹಾಸಿದ ಹಾಗೆ. ಅಮ್ಮನ ಗದ್ದೆಯ ನಾಟಿ ಈ ಮಳೆಯಲ್ಲಿ ಏನಾಯಿತೋ ಅಂತ ಯೋಚನೆ ಹತ್ತಿತು.

ತಲುಪಿದಾಗ ಏಳೂವರೆ, ಕೊನೆಯ ಫೆರ್ರಿ ಹೋಗಿತ್ತು. ಜೆಟ್ಟಿಯ ಹತ್ತಿರ ಒಂದು ಸಣ್ಣ ರೂಮು, ಒಂದು ಬಟ್ಟಲು ಲಕ್ಸಾ. ಮೀನು ಅರೆದು ಮಾಡಿದ ಹುಳಿ ಸಾರಿನಲ್ಲಿ ಅಕ್ಕಿಯ ಶ್ಯಾವಿಗೆ. ನಮ್ಮ ನೂಪುಟ್ಟಿನ ನೆನಪಾಗಿ ಇನ್ನೊಂದು ಬಟ್ಟಲು ಹಾಕಿಸಿಕೊಂಡೆ. ಬದಲಿಸಲು ಬಟ್ಟೆ ಇರಲಿಲ್ಲ. ಬೊಳಿಬಾಣೆಯ ಕೆಸರು ಇನ್ನೂ ಪ್ಯಾಂಟಿನ ಅಂಚಿನಲ್ಲಿತ್ತು, ಬಚ್ಚಲಲ್ಲಿ ಒಗೆದು ಫ್ಯಾನಿನ ಕೆಳಗೆ ಹರಡಿದೆ.

ಆಗಸ್ಟ್ 7

ಬೆಳಗಿನ ಮೊದಲ ಫೆರ್ರಿ ಗಾಳಿಮಳೆಗೆ ನಿಂತಿತು. ಎರಡನೆಯದು ಎರಡು ಗಂಟೆ ತಡವಾಗಿ ಹೊರಟಿತು. ಒಂದೂಕಾಲು ಗಂಟೆಯ ದಾರಿ, ಕಿಟಕಿಯೆಲ್ಲ ಉಪ್ಪುನೀರು, ಸುತ್ತ ಜನ ವಾಂತಿ. ನನಗೆ ಏನೂ ಆಗಲಿಲ್ಲ, ಚೀಲ ತಬ್ಬಿಕೊಂಡು ಕೂತಿದ್ದೆ. ಲಂಕಾವಿಯ ಕುವಾ ಜೆಟ್ಟಿಯಲ್ಲಿ ಆ ದೊಡ್ಡ ಹದ್ದಿನ ಪ್ರತಿಮೆ ಕಂಡಾಗ ಗಂಟಲು ಕಟ್ಟಿತು. ಇವರು ಬಾಡಿಗೆ ಸ್ಕೂಟರ್ ತಂದಿದ್ದರು. ಕೈ ತುಂಬಾ ನೀಲಿ ಬಣ್ಣ. "ಪಂಪು?" ಅಂದರು. ಚೀಲ ತಟ್ಟಿ ತೋರಿಸಿದೆ. ಆಮೇಲೆ, "ನೀನು ಹೇಗಿದ್ದೀಯ?" ಅಂದರು.

ಆಗಸ್ಟ್ 8

ಏಣಿ ಹತ್ತಿ ದೋಣಿಗೆ ಹೋದರೆ ಒಳಗೆ ಬೂಷ್ಟಿನ ವಾಸನೆ, ಮಲಗುವ ದಿಂಬಿಗೆಲ್ಲ ಹಸಿರು ಚುಕ್ಕೆ. ಅದನ್ನು ಆಮೇಲೆ ನೋಡೋಣ ಅಂತ ಎಂಜಿನ್ ಮುಂದೆ ಕೂತೆವು. ಪಂಪಿನ ಮುಚ್ಚಳಕ್ಕೆ ಗ್ಯಾಸ್ಕೆಟ್ ಬೇಕು. ಗ್ಯಾಸ್ಕೆಟ್ ಕಾಗದ ಇರುವುದು ಕಳೆದುಹೋದ ಬ್ಯಾಗಿನಲ್ಲಿ. ದಪ್ಪವಾದದ್ದು ಹಾಕಿದರೆ ಚಕ್ರದ ಪಕ್ಕ ಸಂದು ಉಳಿದು ನೀರು ಎಳೆಯುವುದಿಲ್ಲ, ತೀರಾ ತೆಳುವಾದರೆ ಚಕ್ರ ಮುಚ್ಚಳಕ್ಕೆ ಉಜ್ಜುತ್ತದೆ. ಕುವಾದ ಎರಡು ಅಂಗಡಿಯಲ್ಲಿ ಸಿಗಲಿಲ್ಲ.

ನನ್ನ ಹೆಗಲ ಚೀಲದಲ್ಲಿ ಚಿಕ್ಕಪ್ಪನ ಮಗಳ ಮದುವೆಯ ಕಾಗದ ಇತ್ತು, ಇವರಿಗೆ ಕೊಡಲೇಬೇಕು ಅಂತ ಅಮ್ಮ ಕೊಟ್ಟಿದ್ದು. ಇವರು ಅದನ್ನು ಓದಿದರು. ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದರು. ನಾನು ಬೇಡ ಅನ್ನಲಿಲ್ಲ. ಹೆಸರು, ತಾರೀಖು ಇದ್ದ ಹಾಳೆಯನ್ನು ತೆಗೆದಿಟ್ಟು, ಹಿಂದಿನ ಖಾಲಿ ಪುಟವನ್ನು ಮುಚ್ಚಳದ ಮೇಲಿಟ್ಟು ಅಂಚಿನಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಗುರುತು ಮೂಡಿಸಿ, ಬ್ಲೇಡಿನಲ್ಲಿ ಕತ್ತರಿಸಿ, ಆರು ಸ್ಕ್ರೂ ತೂತು ಹೊಡೆದು, ಎರಡೂ ಕಡೆ ಗ್ರೀಸ್ ಹಚ್ಚಿ ಕೂರಿಸಿದೆವು.

ಆಗಸ್ಟ್ 9

ಮಧ್ಯಾಹ್ನದ ಉಬ್ಬರಕ್ಕೆ ಕ್ರೇನಿನ ಎರಡು ಪಟ್ಟಿಗಳಲ್ಲಿ ತೂಗುತ್ತಾ ದೋಣಿ ನೀರಿಗಿಳಿಯಿತು. ಪಟ್ಟಿ ಬಿಡುವ ಮೊದಲು ಒಳಗೆ ಎಲ್ಲೂ ಸೋರುತ್ತಿಲ್ಲ ಅಂತ ನೋಡಿಕೊಳ್ಳಬೇಕು. ನಾನು ಟಾರ್ಚ್ ಹಿಡಿದು ಎಂಜಿನ್ ಪಕ್ಕ ಮಲಗಿದೆ. ಇವರು ಕೀ ತಿರುಗಿಸಿದರು. ಎಂಜಿನ್ ಹತ್ತಿತು. ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದೆ. ಹನ್ನೊಂದಕ್ಕೆ ಹಿಂಬದಿಯಿಂದ ನೀರು ಉಗುಳುವ ಸದ್ದು ಬಂತು, ಕೊಳವೆಯಿಂದ ಗೊಳಕ್ ಗೊಳಕ್ ಅಂತ. ಶಾಫ್ಟಿನ ಕೆಳಗೆ ಟಿಶ್ಯೂ ಇಟ್ಟಿದ್ದೆ. ಹತ್ತು ನಿಮಿಷ ಆದಮೇಲೂ ಒಣಗಿಯೇ ಇತ್ತು. ಅದರ ಫೋಟೋ ತೆಗೆದು ಗೋಣಿಕೊಪ್ಪಕ್ಕೆ ಕಳಿಸಿದೆ. ರಾತ್ರಿ ಉತ್ತರ ಬಂತು: "ಈಗಷ್ಟೇ ಕರೆಂಟ್ ಬಂತು."

ಆಗಸ್ಟ್ 11

ಬ್ಯಾಗ್ ಬಂತು. ವ್ಯಾನಿನವನು ದೂರದಿಂದಲೇ ಮೂಗು ಹಿಡಿದುಕೊಂಡಿದ್ದ. ಬಾಟಲಿಯ ಕುತ್ತಿಗೆ ಒಡೆದಿತ್ತು. ಟವೆಲ್ ಎರಡೂ ಕಪ್ಪು, ಬಟ್ಟೆ ಕಪ್ಪು, ಗ್ಯಾಸ್ಕೆಟ್ ಕಾಗದ ಅಂಟಿನ ಮುದ್ದೆ. ಕಾಫಿಪುಡಿ ಮಾತ್ರ ಉಳಿದಿತ್ತು, ಜೇನೂ ಉಳಿದಿತ್ತು. ದಪ್ಪ ಇದ್ದಿದ್ದಕ್ಕೆ ಕಾಚಂಪುಳಿ ಪೂರ್ತಿ ಹೋಗಿರಲಿಲ್ಲ, ಬಾಟಲಿಯ ತಳದಲ್ಲಿ ನಾಲ್ಕು ಬೆರಳಷ್ಟು ಇತ್ತು. ಗಾಜಿನ ಚೂರು ಇರಬಹುದು ಅಂತ ಭಯ. ಬಟ್ಟೆ ಎರಡು ಮಡಿಕೆ ಮಾಡಿ, ಬಿಸಿನೀರು ಬೆರೆಸಿ ಸೋಸಿ, ಮತ್ತೆ ಸಣ್ಣ ಉರಿಯಲ್ಲಿ ದಪ್ಪ ಬರುವವರೆಗೆ ಕಾಯಿಸಿದೆ. ಅರ್ಧ ದಿನ ದೋಣಿಯೆಲ್ಲ ಅಮ್ಮನ ಅಡುಗೆಮನೆಯ ವಾಸನೆ.

ಸಂಜೆ ಪಕ್ಕದ ಮೀನುಗಾರರ ಹತ್ತಿರ ಬಂಗುಡೆ ಕೊಂಡು ಸಾರು ಮಾಡಿದೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಾಗ ಅವರು ಮೊದಲು ಕೇಳಿದ್ದು ಬಾಟಲಿ ಸರಿಯಾಗಿ ಬಂತಾ ಅಂತ. ಒಡೆಯಿತು ಅಂತಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಣಪುಳಿ ಇನ್ನೂ ಬೀಳ್ತಾ ಇದೆ, ಇನ್ನೊಂದು ಕಾಯಿಸ್ತೀನಿ" ಅಂದರು. ಆಮೇಲೆ ಫೋನನ್ನು ಗದ್ದೆಯ ಕಡೆ ತಿರುಗಿಸಿದರು. ನೀರು ಇಳಿದಿತ್ತು. ಮಲಗಿದ್ದ ಪೈರನ್ನು ಅಣ್ಣ ಬಗ್ಗಿ ಒಂದೊಂದಾಗಿ ಎತ್ತಿ ನೆಡುತ್ತಿದ್ದ.